ಬೇರಿಂಗಿಗೆ ಬಿದ್ದ ಅಕ್ಷತೆ

ಗೆಳೆಯರೇ, ನೀವೇ ಹೇಳಿ, ನಾನು ಯಾರ ಮೇಲೆ ರೇಗಲಿ? ಪೊನ್ನಂಪೇಟೆಯ ನಮ್ಮ ಮಿಲ್ಲಿನ ಗರಗಸದ ಮೋಟಾರಿನ ಬೇರಿಂಗ್ ಕೆಟ್ಟು, ಇವತ್ತು ಮದರಾಸಿನಿಂದ ಹೊಸದು ಬಂತು. ಸಂಜೆಯೊಳಗೆ ಕಾಫಿ ತೋಟದ ದೊರೆಯ ಬಂಗಲೆಗೆ ಹಲಗೆ ಹೋಗಬೇಕು. ಗ್ರೀಸು ತುಂಬಿಟ್ಟು ಕೈ ತೊಳೆದು ಬರುವಷ್ಟರಲ್ಲಿ ಮೇಸ್ತ್ರಿ ತಮ್ಮಯ್ಯ ಬೇರಿಂಗಿಗೆ ಕುಂಕುಮ ಹಚ್ಚಿ, ಒಳಗಿನ ಉಕ್ಕಿನ ಗುಂಡುಗಳ ನಡುವೆಯೇ ಅಕ್ಷತೆ ಹಾಕಿ ಕೈಮುಗಿಯುತ್ತಿದ್ದ.

"ಇದೇನು ಮಾಡಿದ್ದು ಮಾರಾಯ?"

"ಹೊಸ ಸಾಮಾನಲ್ವಾ ಫಿಟ್ಟರೇ, ಪೂಜೆ ಮಾಡದೆ ಕೂರಿಸುದುಂಟಾ?"

ಸೀಮೆಎಣ್ಣೆಯಲ್ಲಿ ತೊಳೆದು ಕೂರಿಸಿದೆ. ಎಲ್ಲೋ ಒಂದು ಕಾಳು ಉಳಿದಿರಬೇಕು, ಮೋಟಾರು ತಿರುಗಿದ ಕೂಡಲೇ ಕರಕರ ಸದ್ದು. ನಾನು ತಲೆ ಚಚ್ಚಿಕೊಂಡೆ.

ತಮ್ಮಯ್ಯ ಸಮಾಧಾನ ಹೇಳಿದ: "ಬೇಜಾರು ಮಾಡ್ಬೇಡಿ, ಹಳೇದನ್ನೇ ಹಾಕಿ. ಕೈಲ್ ಮುಹೂರ್ತದ ಆಯುಧಪೂಜೆಗೆ ಮೋಟಾರಿನ ಮುಚ್ಚಳ ಬಿಚ್ಚಿ ಅದಕ್ಕೂ ಅಕ್ಷತೆ ಹಾಕಿದ್ದೆ."

ಹಳೆಯ ಬೇರಿಂಗ್ ಯಾಕೆ ಕೆಟ್ಟಿತೆಂದು ಇಷ್ಟು ದಿನ ಹುಡುಕುತ್ತಿದ್ದೆ. ಸಿಕ್ಕಿತು.