ತುಟಿ ನೋಡಿ ಕಲಿತ ಉತ್ತರಗಳು

ಮಂಜುಳಾ, ನಿನ್ನ ಮಗಳಿಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ ಎಂಬುದು ಡಾಕ್ಟರು ಹೇಳುವುದಕ್ಕೆ ಎರಡು ವರ್ಷ ಮೊದಲೇ ನನಗೆ ಗೊತ್ತಿತ್ತು. ‘ಅನುಮಾನವಿತ್ತು’ ಎಂದು ಬರೆದು, ಹೊಡೆದುಹಾಕಿದೆ. ಅನುಮಾನವಲ್ಲ — ಗೊತ್ತಿತ್ತು. ಗೊತ್ತಿದ್ದೂ ಮುಚ್ಚಿಟ್ಟೆ. ನೀನು ಬಾಯಿಬಿಟ್ಟು ಕೇಳಿದಾಗಲೂ ಸುಳ್ಳು ಹೇಳಿದೆ.

ಎಲ್ಲರಿಗೂ ಬುದ್ಧಿ ಹೇಳುವ ಬಾಯಿ ನನ್ನದು. ಬಾಗಲಗುಂಟೆಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ, ಎಲ್‌ಕೆಜಿಗೆ ಸೇರಬೇಕಾದ ಮಕ್ಕಳನ್ನು ಕೂರಿಸಿಕೊಂಡು, ಮಕ್ಕಳಿಗಿಂತ ಹೆಚ್ಚಾಗಿ ತಾಯಂದಿರಿಗೇ ಪಾಠ ಮಾಡಿದವಳು ನಾನು. ಯಾವ ಶಾಲೆಯಲ್ಲಿ ಅರ್ಜಿ ಯಾವಾಗ ಕೊಡುತ್ತಾರೆ, ಜನನ ಪ್ರಮಾಣಪತ್ರದಲ್ಲಿ ಹೆಸರು ತಪ್ಪಿದ್ದರೆ ಯಾರನ್ನು ಹಿಡಿಯಬೇಕು, ಎಲ್ಲ ಬಾಯಿಪಾಠ. ಇಂಟರ್‌ವ್ಯೂ ದಿನ ಮಗುವಿಗೆ ಹೊಸ ಶೂ ಹಾಕಬೇಡಿ, ಕಚ್ಚಿದರೆ ಅಲ್ಲೇ ಅಳುತ್ತದೆ. ಹಳೆಯದನ್ನೇ ಒರೆಸಿ ಹಾಕಿ — ಇವತ್ತಿಗೂ ಹೇಳುತ್ತೇನೆ, ಒಳ್ಳೆಯ ಸಲಹೆಯೇ. ಎಂಟನೇ ಕ್ಲಾಸಿಗೆ ಓದು ಬಿಟ್ಟು ಹನ್ನೆರಡು ವರ್ಷ ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಮೆಷಿನ್ ತುಳಿದವಳು, ಈಗ ಶಾಲೆಯ ಆಫೀಸಿನ ಕಿಟಕಿಯ ಮುಂದೆ ನಿಂತು ವಾದ ಮಾಡಿ, ಮುಗಿದುಹೋಯಿತು ಎಂದ ಅರ್ಜಿಯನ್ನೂ ಈಚೆಗೆ ತೆಗೆಸುತ್ತೇನೆ ಎಂಬ ಜಂಬ ನನಗೆ. ‘ಗಿರಿಜಕ್ಕನ ಹತ್ರ ಬಿಟ್ರೆ ಸೀಟು ಗ್ಯಾರಂಟಿ’ ಎಂದು ನಮ್ಮ ಬೀದಿಯಲ್ಲಿ ಮಾತಿತ್ತಲ್ಲ, ಆ ಮಾತನ್ನು ನಾನು ಮಗುವಿನಂತೆ ಸಾಕಿಕೊಂಡಿದ್ದೆ. ಅದಕ್ಕೆ ಪೆಟ್ಟು ಬೀಳಬಾರದು. ಯಾವ ಮಗುವಿಗೆ ಬಿದ್ದರೂ —

ಇರಲಿ, ಮೊದಲಿನಿಂದ ಹೇಳುತ್ತೇನೆ.

ನಾಗಸಂದ್ರದ ಕಡೆ ಮೆಟ್ರೋ ಕಂಬಗಳು ಇನ್ನೂ ಏಳುತ್ತಿದ್ದ ಕಾಲ. ನೀನು ಭೂಮಿಕಾಳ ಕೈ ಹಿಡಿದುಕೊಂಡು ಬಂದೆ. ಮೂರೂವರೆ ವರ್ಷ, ಎರಡು ಪುಟ್ಟ ಜಡೆ, ನಾಲ್ಕು ಮಾತಾಡಿದರೆ ಎರಡು ಅರ್ಥವಾಗುತ್ತಿತ್ತು. ನಿನ್ನ ಗಂಡ ಸಿದ್ದರಾಜು ಕಾರ್ಖಾನೆಯಲ್ಲಿ ತಗಡು ಒತ್ತುವ ಪವರ್ ಪ್ರೆಸ್ ಮೇಲೆ ಕೆಲಸ ಮಾಡುವವನು. ದಿನವೆಲ್ಲ ಆ ಧಡಧಡ ಕೇಳಿ ಕೇಳಿ ಅವನ ಮಾತೆಂದರೆ ಕೂಗು. ಅವನ ಜೊತೆ ಬಾಳಿ ನಿನ್ನ ಮಾತೂ ಕೂಗು. ನಿಮ್ಮ ಮನೆಯ ಟಿ.ವಿ. ಮೂರನೇ ಮನೆಗೆ ಕೇಳಿಸುತ್ತಿತ್ತು. ಅಂಥ ಮನೆಯಲ್ಲಿ ಹುಟ್ಟಿದ್ದಕ್ಕೇ ಆ ಮಗುವಿಗೆ ಅಷ್ಟಿಷ್ಟು ಕೇಳಿತು, ಅಷ್ಟಿಷ್ಟು ಮಾತೂ ಬಂತು. ಅದೇ ಕಾರಣಕ್ಕೆ ನಿಮಗೆ ಯಾರಿಗೂ ಗೊತ್ತಾಗಲಿಲ್ಲ. ಈ ಕಾಗದದಲ್ಲಿ ಬೇರೇನನ್ನು ನಂಬದಿದ್ದರೂ ಇದೊಂದನ್ನು ನಂಬು: ನಿನಗೆ ಗೊತ್ತಾಗದೇ ಇದ್ದದ್ದು ನಿನ್ನ ತಪ್ಪಲ್ಲ.

ಆದರೆ ನನಗೆ ಗೊತ್ತಾಗದೇ ಇರಲು ಸಾಧ್ಯವೇ ಇರಲಿಲ್ಲ.

ಗಾರ್ಮೆಂಟ್ಸ್‌ನಲ್ಲಿ ಸಾಲು ಸಾಲು ಮೆಷಿನ್ ಒಟ್ಟಿಗೆ ಓಡುವಾಗ ಪಕ್ಕದವಳ ದನಿಯೂ ಕೇಳಿಸುವುದಿಲ್ಲ. ನಾವೆಲ್ಲ ತುಟಿ ನೋಡಿಕೊಂಡೇ ಮಾತಾಡುತ್ತಿದ್ದೆವು. ಸೂಪರ್‌ವೈಸರ್ ಬಂದ, ಇವತ್ತು ಡಬ್ಬಿಗೆ ಏನು, ಅತ್ತೆ ಏನಂದಳು — ಎಲ್ಲ ಸದ್ದೇ ಇಲ್ಲದೆ. ಹೊಸದಾಗಿ ಸೇರಿದ ಹುಡುಗಿ ತಿಂಗಳೊಪ್ಪತ್ತಿನಲ್ಲಿ ಅದನ್ನು ಕಲಿಯುತ್ತಿದ್ದಳು. ಕಲಿತ ಮೇಲೆ ಅವಳ ನೋಟವೇ ಬೇರೆಯಾಗುತ್ತಿತ್ತು. ಎದುರಿಗಿರುವವರ ಕಣ್ಣು ಬಿಟ್ಟು ಬಾಯಿಯ ಮೇಲೆ ನಿಲ್ಲುವ ನೋಟ ಅದು. ಭೂಮಿ ಬಂದ ಎರಡನೇ ದಿನವೇ ಅವಳಲ್ಲಿ ಆ ನೋಟ ಕಂಡೆ. ಮಾರನೆಯ ದಿನ, ಅವಳು ಗೋಡೆಯ ಮೇಲಿನ ಹಣ್ಣುಗಳ ಚಾರ್ಟ್ ನೋಡುತ್ತ ನಿಂತಿದ್ದಾಗ, ಹಿಂದಿನಿಂದ ಮೆಲ್ಲಗೆ ಹೆಸರು ಕರೆದೆ. ತಿರುಗಲಿಲ್ಲ. ಚಮಚದಿಂದ ಸ್ಟೀಲ್ ಲೋಟ ತಟ್ಟಿದೆ. ಉಳಿದ ಮಕ್ಕಳೆಲ್ಲ ತಿರುಗಿದರು. ಅವರು ತಿರುಗಿದ್ದನ್ನು ಕಂಡು, ಆಮೇಲೆ, ಭೂಮಿ ತಿರುಗಿದಳು.

ಲೋಟವನ್ನು ಕೆಳಗಿಟ್ಟೆ. ಅಂದೇ ಸಂಜೆ ನಿನಗೆ ಹೇಳಬೇಕಿತ್ತು. ಹೇಳಲಿಲ್ಲ.

ನೀನು ಆಸೆಪಟ್ಟಿದ್ದ ಶಾಲೆಯಲ್ಲಿ ಹಿಂದಿನ ವರ್ಷ ಮಾತು ತಡವಾದ ಮಗುವೊಂದನ್ನು ಬೇರೆ ಕಡೆ ನೋಡಿಕೊಳ್ಳಿ ಎಂದು ಕಳಿಸಿಬಿಟ್ಟಿದ್ದರು. ಇದು ನಿಜ. ಆದರೆ ಇದರ ಹಿಂದೆ ನಾನು ಅವಿತುಕೊಳ್ಳುವುದಿಲ್ಲ. ನನ್ನ ಕೈಯಲ್ಲಿ ತಯಾರಾದ ಮಗು ವಾಪಸ್ ಬಂದರೆ ಬೀದಿಯಲ್ಲಿ ನನ್ನ ಹೆಸರು ಏನಾಗುತ್ತದೆ ಎಂಬುದೇ ಅಂದು ನನ್ನ ತಲೆಯಲ್ಲಿದ್ದದ್ದು. ಎಲ್ಲರ ಹತ್ತಿರವೂ ಚೌಕಾಸಿ ಮಾಡುವವಳು ನನ್ನ ಮನಸ್ಸಿನ ಹತ್ತಿರವೂ ಮಾಡಿದೆ: ಮೊದಲು ಅಡ್ಮಿಷನ್ ಆಗಲಿ, ಆಮೇಲೆ ಹೇಳಿದರಾಯಿತು.

ಇಂಟರ್‌ವ್ಯೂಗೆ ಹತ್ತು ದಿನ ಇರುವಾಗ ನೀನೇ ಕೇಳಿದೆ. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಕೇಳಿದೆ, ನೆನಪಿದೆಯಾ?

“ಅಕ್ಕ, ಎಷ್ಟ್ ಕೂಗಿದ್ರೂ ಒಂದೊಂದ್ ಸಲ ತಿರುಗೋದೇ ಇಲ್ಲ ಕಣಕ್ಕ ಇವ್ಳು. ಕಿವಿ ಗಿವಿ ಏನಾರ ತೋರಿಸ್ಲಾ?”

“ಅಯ್ಯೋ, ಸುಮ್ನಿರೇ. ಕಿವಿ ನೆಟ್ಟಗೇ ಇದೆ. ಹಠ ಕಣೇ ಅದು, ಅಪ್ಪನ ಮುದ್ದು ಜಾಸ್ತಿ ಆಗಿದೆ. ಸ್ವಲ್ಪ ಬಿಗಿ ಮಾಡು, ಸರಿಹೋಗ್ತಾಳೆ.”

ನೀನು ನಕ್ಕುಬಿಟ್ಟೆ. “ಅಂಗಾದ್ರೆ ಅವ್ರಪ್ಪನ್ ಥರಾನೇ ಬಿಡು! ಆ ವಯ್ಯಂಗೂ ಬೇಕಾದ್ದು ಮಾತ್ರ ಕೇಳ್ಸದು.”

ನಾನೂ ನಕ್ಕೆ, ಮಂಜುಳಾ. ನಿನ್ನ ಜೊತೆ ನಿಂತು ನಕ್ಕೆ.

ಆಮೇಲೆ ಮಾಡಿದ್ದು ಇನ್ನೂ ದೊಡ್ಡದು. ಆ ಶಾಲೆಯ ಮೇಡಂ ಪ್ರತಿ ಮಗುವಿಗೂ ಅವೇ ನಾಲ್ಕು ಪ್ರಶ್ನೆ, ಅದೇ ಸಾಲಿನಲ್ಲಿ ಕೇಳುತ್ತಾರೆ ಎಂದು ನನಗೆ ಗೊತ್ತಿತ್ತು. ಮೊದಲು ನಿನ್ನ ಹೆಸರು, ನಂತರ ಅಪ್ಪನ ಹೆಸರು, ಚಿತ್ರ ತೋರಿಸಿ ಬಣ್ಣ, ಕೊನೆಗೆ ಒಂದು ಪದ್ಯ. ಆ ನಾಲ್ಕಕ್ಕೂ ತುಟಿ ಹೇಗೆ ಅಲ್ಲಾಡುತ್ತದೆ ಎಂದು ಭೂಮಿಗೆ ತೋರಿಸಿ ತೋರಿಸಿ ಕಲಿಸಿದೆ. ಬೇರೆ ಮಕ್ಕಳಿಗೆ ಒಂದು ಗಂಟೆಯಾದರೆ ಅವಳಿಗೆ ಎರಡು. ನೀನು ಅದನ್ನು ಪ್ರೀತಿ ಎಂದುಕೊಂಡೆ. ‘ಮಿಸ್ ಬಾಯಿ ನೋಡು, ಪುಟ್ಟಿ’ ಎಂದು ನಾನು ಅವಳಿಗೆ ಹೇಳಿಕೊಟ್ಟೆ. ‘ತೊಡೆ ಮೇಲೆ ಕೂರಿಸ್ಕೋಬೇಡ, ಮೇಡಂಗೆ ಎದುರಾಗಿ ಕುರ್ಚಿ ಮೇಲೆ ಕೂರಿಸು, ಧೈರ್ಯವಂತ ಮಗು ಅನ್ಸತ್ತೆ’ ಎಂದು ನಿನಗೆ ಹೇಳಿಕೊಟ್ಟೆ. ನೀನು ಹಾಗೇ ಮಾಡಿದೆ. ನಾಲ್ಕಕ್ಕೂ ಸರಿ ಉತ್ತರ. ಸೀಟು ಸಿಕ್ಕಿತು. ನೀನು ಒಬ್ಬಟ್ಟು ಮಾಡಿ ತಂದುಕೊಟ್ಟೆ. ಆವತ್ತು ನಾನು ನಿಜ ಹೇಳಬೇಕೆಂದಿದ್ದೆ — ಒಬ್ಬಟ್ಟು ಚೆನ್ನಾಗಿದೆ ಎಂದಷ್ಟೇ ಹೇಳಿದೆ.

ಆಮೇಲಿನ ಎರಡು ವರ್ಷ ಆ ಮಗು ಹೇಗೆ ಕಳೆಯಿತು ಎಂಬುದು ನಿನಗೆ ಗೊತ್ತು. ಶಾಲೆಯ ಡೈರಿಯಲ್ಲಿ ‘ಗಮನವಿಲ್ಲ’, ‘ಹೇಳಿದ ಮಾತು ಕೇಳುವುದಿಲ್ಲ’. ಮಿಸ್ ಬೋರ್ಡಿಗೆ ತಿರುಗಿ ಮಾತಾಡಿದರೆ ಇವಳಿಗೆ ಬಾಯಿಯೇ ಕಾಣದು. ಕೊನೆಯ ಸಾಲಿಗೆ ಕಳಿಸಿದ ಮೇಲಂತೂ ಮುಗಿದೇ ಹೋಯಿತು. ಒಂದು ಸಂಜೆ, ನಿಮ್ಮ ಮನೆಯ ಬಾಗಿಲಲ್ಲೇ, ಡೈರಿ ಹಿಡಿದುಕೊಂಡು ನೀನು ಅವಳ ಬೆನ್ನಿಗೆ ಹೊಡೆಯುತ್ತಿದ್ದೆ. “ಕೇಳ್ಸಲ್ವಾ? ಕೇಳ್ಸಲ್ವಾ ನಿಂಗೆ?” ಒಂದೊಂದು ಮಾತಿಗೂ ಒಂದೊಂದು ಏಟು. ಭೂಮಿ ಅಳುತ್ತಿದ್ದಳು, ಆದರೂ ಕತ್ತು ಹೊರಳಿಸಿ ನಿನ್ನ ಬಾಯನ್ನೇ ನೋಡುತ್ತಿದ್ದಳು — ಅಮ್ಮ ಏನನ್ನುತ್ತಿದ್ದಾಳೆ ಎಂದು ತಿಳಿಯಲು. ನಾನು ಎದುರಿಗೇ, ತಳ್ಳುಗಾಡಿಯ ಹತ್ತಿರ, ಕೊತ್ತಂಬರಿ ಕಟ್ಟಿಗೆ ಚೌಕಾಸಿ ಮಾಡುತ್ತಿದ್ದೆ. ಎರಡು ಹೆಜ್ಜೆ ದಾಟಿ ನಿನ್ನ ಕೈ ಹಿಡಿಯಬಹುದಿತ್ತು. ಚೌಕಾಸಿ ಮುಗಿಸಿಕೊಂಡು ಮನೆಗೆ ಹೋದೆ. ಆ ಬಿಗಿ ನಾನೇ ಹೇಳಿಕೊಟ್ಟದ್ದು.

ಒಂದನೇ ತರಗತಿಯಲ್ಲಿ, ಶಾಲೆಗೆ ತಪಾಸಣೆಗೆ ಬಂದ ಡಾಕ್ಟರು ಕಂಡುಹಿಡಿದರು. ಎರಡು ಕಿವಿಗೂ ಮೆಷಿನ್ ಹಾಕಿಸಬೇಕು, ಮಾತಿನ ತರಬೇತಿ ಆಗಬೇಕು, ಮೂರು ವರ್ಷಕ್ಕೇ ಕರೆತಂದಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ ಎಂದರು. ನೀನು ಅಲ್ಲಿಂದ ನೇರ ನನ್ನ ಮನೆಗೆ ಬಂದು ನನ್ನ ಮಡಿಲಿಗೆ ಬಿದ್ದೆ. “ನಂಗ್ ಗೊತ್ತಾಗ್ಲೇ ಇಲ್ವಲ್ಲಕ್ಕ. ಕಿವಿ ಕೇಳ್ಸ್ದಿರೋ ಕೂಸ್ನ ಹೊಡ್ದೆನಲ್ಲಕ್ಕ. ಎಂಥಾ ತಾಯಿ ನಾನು?”

ನಾನು ನಿನ್ನ ತಲೆ ಸವರಿ ಹೇಳಿದೆ: “ಯಾರಿಗ್ ಗೊತ್ತಾಗತ್ತೆ ಹೇಳು. ನಂಗೇ ಗೊತ್ತಾಗ್ಲಿಲ್ಲ.”

ಮೊದಲ ಸುಳ್ಳಿಗಿಂತ ಇದು ಕೆಟ್ಟದ್ದು. ಮೊದಲನೆಯದನ್ನು ಹೇಳುವಾಗ ಅದರ ಪೆಟ್ಟು ಎಷ್ಟೆಂದು ನಾನು ಕಂಡಿರಲಿಲ್ಲ. ಇದನ್ನು ಹೇಳುವಾಗ ಎಲ್ಲ ಕಂಡಿದ್ದೆ.

ಅಂದಿನಿಂದ ನನ್ನ ಕೋಣೆಗೆ ಬರುವ ಪ್ರತಿ ಮಗುವನ್ನೂ ಮೊದಲ ದಿನ ಹಿಂದಿನಿಂದ ಕರೆದು ನೋಡುತ್ತೇನೆ, ಲೋಟ ತಟ್ಟಿ ನೋಡುತ್ತೇನೆ. ತಿರುಗದಿದ್ದರೆ ‘ಅಕ್ಷರ ಆಮೇಲೆ, ಮೊದಲು ಕಿವಿ ತೋರಿಸಿ ಬನ್ನಿ’ ಎಂದು ಕಳಿಸುತ್ತೇನೆ. ನಾಚಿಕೆಯ ಮಾತೆಂದರೆ, ಇದರಿಂದಲೂ ನನಗೆ ಹೆಸರೇ ಬಂತು. ‘ಗಿರಿಜಕ್ಕ ಎಷ್ಟು ಸೂಕ್ಷ್ಮ ನೋಡಿ’ ಎಂದರು. ಬೇಡ ಎನ್ನಲಿಲ್ಲ, ತೆಗೆದುಕೊಂಡೆ.

ಹೋದ ವಾರ ನೀನು ಬಂದಿದ್ದೆ. ಈಗ ಭೂಮಿ ಮೂರನೇ ತರಗತಿ. ಮೆಟ್ರೋ ಹತ್ತಿ ತರಬೇತಿಗೆ ಹೋಗಿ ಬರುವ ದಾರಿಯಲ್ಲಿ ಒಳಗೆ ಬಂದಿರಿ. ಕೋಣೆಯಲ್ಲಿ ಹೊಸದಾಗಿ ಸೇರಿದ ತಾಯಿಯೊಬ್ಬಳಿದ್ದಳು. ಅವಳಿಗೆ ನೀನೇ ಹೇಳಿದೆ: “ಅಕ್ಕ ಹೇಳ್ದಂಗೆ ಕೇಳಿ ಮೇಡಂ, ಕಣ್ಮುಚ್ಕೊಂಡು ಕೇಳಿ. ನನ್ ಥರ ಆಗ್ಬೇಡಿ. ನಾನೇ ಪಾಪಿ, ನನ್ ಮಗೂನ ನಾನೇ ಗಮನಿಸ್ಲಿಲ್ಲ.” ನೀನು ಇದನ್ನು ಹೇಳುವಾಗ ಭೂಮಿ, ಕಿವಿಗೆ ಮೆಷಿನ್ ಇದ್ದರೂ, ನಿನ್ನ ತುಟಿ ನೋಡುತ್ತಿದ್ದಳು. ಓದಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ ನನ್ನ ತುಟಿ ನೋಡಿದಳು, ನಾನೇನು ಹೇಳುತ್ತೇನೆ ಎಂದು. ನಾನು ತಲೆ ತಗ್ಗಿಸಿದೆ. ಅವಳು ಕಾಯುತ್ತಲೇ ಇದ್ದಳು.

ಅಮ್ಮನದೇ ತಪ್ಪು ಎಂದು ಆ ಮಗು ನಂಬಿ ಬೆಳೆಯುವುದಕ್ಕೆ ನಾನು ಬಿಡುವುದಿಲ್ಲ. ನೀನು ಹೊಡೆದದ್ದು ನಿನ್ನ ಕೈಯಿಂದಲೇ, ಅದನ್ನು ನಾನು ಅಳಿಸಲಾರೆ. ಆದರೆ ಹೊಡೆಸಿದ ಮಾತು ನನ್ನದು. ಸೋಮವಾರದ ಪಾಠಕ್ಕೆ ಬರುವ ಎಲ್ಲ ತಾಯಂದಿರ ಮುಂದೆ ಇದನ್ನೇ ಹೇಳುತ್ತೇನೆ, ನಿನ್ನ ಹೆಸರು ತೆಗೆಯದೆ, ನನ್ನ ಹೆಸರಿನಲ್ಲಿ. ಮಕ್ಕಳನ್ನು ಬಿಡಿಸಿಕೊಂಡು ಹೋಗುವವರು ಹೋಗಲಿ. ಉಳಿದವರಿಗೆ ಒಂದೇ ಮಾತು ಹೇಳುವುದಿದೆ: ನಿಮ್ಮ ಮಗುವಿನ ವಿಷಯದಲ್ಲಿ ನಿಮ್ಮ ಮನಸ್ಸು ಚುಚ್ಚಿದರೆ, ಗಿರಿಜಕ್ಕ ಏನೇ ಅನ್ನಲಿ, ಹೋಗಿ ತೋರಿಸಿ.

ಕ್ಷಮಿಸು ಎಂದು ಕೇಳುತ್ತಿಲ್ಲ. ಅದಕ್ಕೂ ನಿನ್ನ ಹತ್ತಿರ ಚೌಕಾಸಿ ಮಾಡಿದಂತಾಗುತ್ತದೆ.

ಈ ಕಾಗದವನ್ನು ಬಾಗಿಲ ಸಂದಿಗೆ ಸಿಕ್ಕಿಸಿ ಓಡುವವಳಲ್ಲ. ಭಾನುವಾರ ಬೆಳಿಗ್ಗೆ, ಸಿದ್ದರಾಜುವೂ ಮನೆಯಲ್ಲಿರುವ ಹೊತ್ತಿಗೆ, ನಾನೇ ಹಿಡಿದುಕೊಂಡು ಬರುತ್ತೇನೆ. ಭೂಮಿಯನ್ನು ಒಳಗೆ ಕಳಿಸಬೇಡ. ಕಿಟಕಿಯ ಬೆಳಕು ನನ್ನ ಮುಖದ ಮೇಲೆ ಬೀಳುವ ಕಡೆ ಕೂರುತ್ತೇನೆ. ಬಾಯಿಗೆ ಕೈ ಅಡ್ಡ ಹಿಡಿಯುವುದಿಲ್ಲ, ತಲೆ ತಗ್ಗಿಸುವುದಿಲ್ಲ. ಒಂದೊಂದೇ ಮಾತು, ನಿಧಾನವಾಗಿ, ಅವಳು ಪೂರ್ತಿ ಓದಿಕೊಳ್ಳುವ ಹಾಗೆ ಹೇಳುತ್ತೇನೆ.