ಒಗೆಯುವ ಕಲ್ಲು ಒಣಗಿತ್ತು

ನಿಮ್ಮ ತಾತ ತೀರಿಕೊಂಡ ಮೇಲೆ ನಾನು ಮಲ್ಲಿಪಟ್ಟಣ ಬಿಟ್ಟು ಚನ್ನರಾಯಪಟ್ಟಣಕ್ಕೆ, ನಿಮ್ಮಮ್ಮನ ಮನೆಗೆ ಬಂದೆ. ಅವಳಿದ್ದ ಬಾಡಿಗೆ ಮನೆಯಲ್ಲಿ ವಾರಕ್ಕೆರಡು ದಿನ ನಲ್ಲಿ ನೀರು. ಬೋರ್‌ವೆಲ್ ಇರುವ ಸ್ವಂತ ಮನೆ ಬೇಕೆಂದು ಅವಳು ಹುಡುಕುತ್ತಿದ್ದಳು. ಒಬ್ಬ ಬ್ರೋಕರು ನಿಮ್ಮಪ್ಪನ ವಾಟ್ಸಾಪಿಗೆ ಒಂದು ಮನೆಯ ಫೋಟೊ ಕಳಿಸಿದ. ಕೆಳಗೆ ‘ಬೋರ್‌ವೆಲ್ ಇದೆ, ವರ್ಷವಿಡೀ ನೀರು’ ಎಂದು ಬರೆದಿದ್ದ.

ನೋಡಲು ಹೋದ ದಿನ ಕರೆಂಟ್ ಇರಲಿಲ್ಲ. ಗಂಡಸರು ಮುಂದಿನ ಕೋಣೆಯಲ್ಲಿ ಮಾತಿಗೆ ಕೂತರು. ನಾನು ಹಿತ್ತಲಿಗೆ ಹೋದೆ. ಹಿಂದಿನ ತಿಂಗಳವರೆಗೂ ಬಾಡಿಗೆಯವರು ಇದ್ದ ಮನೆ ಅದು. ಆದರೂ ಒಗೆಯುವ ಕಲ್ಲಿನ ಸುತ್ತ ಪಾಚಿಯಿರಲಿಲ್ಲ, ಸೋಪಿನ ಕಲೆಯೂ ಇರಲಿಲ್ಲ. ಬಚ್ಚಲ ನೀರು ಹೋಗುವ ಕಡೆ ಮಣ್ಣು ಬಿರುಕು ಬಿಟ್ಟಿತ್ತು. ನೀರಿರುವ ಹಿತ್ತಲು ಹಾಗಿರುವುದಿಲ್ಲ.

ಹೇಳೋಣವೆಂದು ಒಳಗೆ ಬಂದರೆ ಆಗಲೇ ತಾಂಬೂಲದ ತಟ್ಟೆ ಕೈಗೆತ್ತಿಕೊಂಡಿದ್ದರು. ಗಂಡನಿಲ್ಲದವಳು ಆ ಹೊತ್ತಿನಲ್ಲಿ ಎದುರು ಬರಬಾರದು, ಅಡ್ಡ ಮಾತಾಡಬಾರದು ಎನ್ನುವುದನ್ನು ಕೇಳಿಕೊಂಡೇ ಬೆಳೆದವಳು ನಾನು. ಬಾಗಿಲ ಹಿಂದೆ ನಿಂತೆ. ಅಗ್ರಿಮೆಂಟ್ ಆಯಿತು.

ಮರುವಾರ ಮೋಟರ್ ಹಾಕಿದರೆ ಬರೀ ಗಾಳಿ ಬಂತು. ಬೋರು ಬತ್ತಿ ಎರಡು ವರ್ಷವಾಯಿತು, ಬಾಡಿಗೆಯವರು ಬಟ್ಟೆ ಒಗೆಯಲು ಕೆರೆಗೆ ಹೋಗುತ್ತಿದ್ದರು ಎಂದು ಪಕ್ಕದ ಮನೆಯಾಕೆ ಹೇಳಿದಳು.

ಬ್ರೋಕರನ್ನು ಕರೆಸಿದರು. “ಓನರ್ ಏಳಿದ್ದನ್ನ ಆಕಿದೆ ಸಾ. ನಾನೇನು ಬೋರೊಳಕ್ಕೆ ಇಳ್ದು ನೋಡ್ಲಾ?” ಎಂದ.

“ಬರ್ದಿದ್ದು ನೀನು ಕಣಯ್ಯ,” ಎಂದರು ನಿಮ್ಮಪ್ಪ. “ಅದಕ್ಕೆ ಮುಂಚೆ ಒಂದ್ಸಲ ಸ್ವಿಚ್ಚು ಹಾಕಕ್ಕೆ ನಿನಗೇನಾಗಿತ್ತು?”

“ನೀವೂ ಮನೆ ನೋಡಿದ್ರಲ್ಲ ಸಾ. ನಿಮ್ಮಲ್ಲಿ ಯಾರ್ಗಾದ್ರೂ ಗೊತ್ತಾಯ್ತಾ?”

ಹಾಸನದ ವಕೀಲರೂ ಅದನ್ನೇ ಕೇಳಿದರು. ನಮಗೆ ಗೊತ್ತಿದ್ದೂ ಒಪ್ಪಿಕೊಂಡಿದ್ದರೆ ಬ್ರೋಕರು ಜಾರಿಕೊಳ್ಳುತ್ತಾನಂತೆ. ಗೊತ್ತಿರದಿದ್ದರೆ ತಾನು ಬರೆದದ್ದಕ್ಕೆ ಅವನೇ ಉತ್ತರ ಹೇಳಬೇಕಂತೆ. ನಿಮ್ಮಮ್ಮ “ಯಾರಿಗೂ ಗೊತ್ತಿರಲಿಲ್ಲ ಸಾರ್” ಎಂದಳು. ನಾನು ಪಕ್ಕದ ಕುರ್ಚಿಯಲ್ಲಿದ್ದೆ. ಸೆರಗು ಸರಿಮಾಡಿಕೊಂಡೆ.

ನೋಟಿಸು ಹೋದ ಮೇಲೆ ಬ್ರೋಕರು ಓನರನ್ನು ಕರೆತಂದು ಅಗ್ರಿಮೆಂಟ್ ರದ್ದು ಮಾಡಿಸಿದ.

ನೀವು ಈಗ ಇರುವ ಮನೆ ಆಮೇಲೆ ಸಿಕ್ಕಿದ್ದು. ಅದನ್ನು ನೋಡಲು ಹೋದಾಗ ತಟ್ಟೆ ತರುವ ಮುಂಚೆಯೇ ನಾನು ಮುಂದಿನ ಕೋಣೆಗೆ ಬಂದು, ಮೊದಲು ಮೋಟರ್ ಹಾಕಿಸಿ ಎಂದೆ. ಎಲ್ಲರೂ ತಿರುಗಿ ನೋಡಿದರು. ನೀರು ಬಂತು.

ಆ ಕಲ್ಲಿನ ವಿಷಯ ನಿಮ್ಮಮ್ಮನಿಗೆ ಇನ್ನೂ ಹೇಳಿಲ್ಲ. ಇದನ್ನು ಓದಿದ ಮೇಲೆ ನೀವೇ ಅವಳಿಗೆ ಹೇಳಿ.