ಎಷ್ಟು ಲೇಟು, ಅಷ್ಟೇ ಹೇಳು

ಶಿವಾಜಿನಗರದ ಮಾರ್ಕೆಟ್ಟಿನ ಹಿಂದೆ ನಾರುಬೇರು ಮಾರುವ ಒಂದು ಗ್ರಂದಿಗೆ ಅಂಗಡಿಯಿದೆ. ಮೊನ್ನೆ ಅದರ ಮುಂದೆ ಹಾದುಹೋಗುವಾಗ ಗೋಣಿಚೀಲದಿಂದ ಜ್ಯೇಷ್ಠಮಧುವಿನ ವಾಸನೆ ಬಂತು. ಒಣಬೇರಿನ, ಮಣ್ಣು ಬೆರೆತ ಸಿಹಿ. ಬಸ್ಸು ಹಿಡಿಯಬೇಕಾಗಿದ್ದವಳು ಅಲ್ಲೇ ನಿಂತೆ. ಕೆಳಮನೆಯ ಅನೌನ್ಸರಮ್ಮ ಮಾತಾಡುವಾಗ ಬರುತ್ತಿದ್ದ ವಾಸನೆ ಅದು. ಅಥವಾ ಅವರು ದವಡೆಯಲ್ಲಿ ಇಟ್ಟುಕೊಳ್ಳುತ್ತಿದ್ದದ್ದು ಲವಂಗವೋ... ಖಚಿತವಿಲ್ಲ. ಮೂಗು ಜ್ಯೇಷ್ಠಮಧು ಎಂದು ತೀರ್ಮಾನಿಸಿತು. ನಾನು ಒಪ್ಪಿಕೊಂಡೆ.

ಹಲಸೂರು ಕೆರೆಯ ಹಿಂದಿನ ಗಲ್ಲಿಯಲ್ಲಿ ನನ್ನದು ಮಹಡಿಯ ಮೇಲಿನ ಬಾಡಿಗೆ ಕೋಣೆ. ಕೆಳಗಿನ ಮನೆಯಲ್ಲಿ ಅವರೊಬ್ಬರೇ ಇದ್ದರು. ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ಮೈಕಿನ ಮುಂದೆ ಕೂತು, ಬರುವ ಹೋಗುವ ರೈಲುಗಳನ್ನು ಮೂರು ಭಾಷೆಗಳಲ್ಲಿ ಕೂಗಿ ನಿವೃತ್ತರಾದವರು. ಅವರ ಮನೆಮಾತು ಆ ಮೂರರಲ್ಲಿ ಒಂದಲ್ಲ, ತಮಿಳು. ಗಲ್ಲಿಯವರಿಗೆಲ್ಲ ಅವರು ಅನೌನ್ಸರಮ್ಮ. ನನಗೆ ಆಂಟಿ. ನಾನು ಅವರಿಗೆ ‘ಕಣ್ಣು’, ತಮಿಳರು ಮಕ್ಕಳನ್ನು ಮುದ್ದಿನಿಂದ ಕರೆಯುವ ಹಾಗೆ.

ನೆನಪಿನಲ್ಲಿ ಅವರ ಮುಂದಿನ ಕೋಣೆಯ ಕಿಟಕಿಯಿಂದ ಕೆರೆ ಕಾಣುತ್ತದೆ. ನೀರಿನ ಬೆಳಕು ಒಳಗೆ ಬಂದು ಚಾವಣಿಯ ಮೇಲೆ ಅಲೆಯಾಡುತ್ತದೆ. ನಿಜದಲ್ಲಿ ಆ ಕಿಟಕಿಯ ಎದುರಿಗಿರುವುದು ಪಕ್ಕದ ಮನೆಯ ಗೋಡೆ, ಅದರ ಮೇಲೊಂದು ಏಸಿ ಪೆಟ್ಟಿಗೆ. ಇವತ್ತು ಬೆಳಿಗ್ಗೆ ಹೊರಗಿನಿಂದ ಹೋಗಿ ನೋಡಿಬಂದೆ. ಆದರೂ ಬರೆಯಲು ಕೂತರೆ ನೀರೇ ಬರುತ್ತದೆ. ಡ್ಯೂಟಿ ಮುಗಿಸಿ ಬಂದ ಮಧ್ಯಾಹ್ನಗಳಲ್ಲಿ ನಾನು ಅರೆನಿದ್ದೆಯಲ್ಲಿ ಬಿದ್ದಿರುತ್ತಿದ್ದೆ. ಕೆಳಗೆ ಅವರು ಸಾರು ಕುದಿಸುತ್ತಾ, ಯಾವತ್ತೋ ನಿಂತುಹೋದ ರೈಲುಗಳನ್ನು ಕೂಗುತ್ತಿದ್ದರು. ದನಿ ಒಂದೊಂದೇ ಮೆಟ್ಟಿಲು ಹತ್ತಿ ಬರುತ್ತಿತ್ತು. ಮಂಚ ಮೆಲ್ಲಗೆ ಕದಲಿದಂತೆ, ನಾನು ಎಲ್ಲಿಗೋ ಹೊರಟುಬಿಟ್ಟಂತೆ...

ಹೊರಡಬೇಕೆಂಬ ಆಸೆ ಇದ್ದದ್ದಂತೂ ನಿಜ. ಯಾದಗಿರಿಯಿಂದ ಬಂದು ಎಂಬಿಬಿಎಸ್ ಮುಗಿಸಿ, ಕೆ.ಆರ್. ಪುರದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಡ್ಯೂಟಿ ಡಾಕ್ಟರಾಗಿದ್ದೆ. ಇಲ್ಲಿ ಪಿಜಿ ಸೀಟು ಎರಡು ಸಲ ಕೈತಪ್ಪಿದ ಮೇಲೆ ಅಮೆರಿಕದ ಲೈಸೆನ್ಸ್ ಪರೀಕ್ಷೆಗೆ ಕೂತೆ. ಮೊದಲ ಭಾಗದಲ್ಲಿ ಒಮ್ಮೆ ಫೇಲಾದೆ, ಮರುಪ್ರಯತ್ನದಲ್ಲಿ ಪಾಸಾದೆ. ಎರಡನೆಯ ಭಾಗದಲ್ಲಿ ಬಂದ ಅಂಕ ಯಾರಿಗೂ ತೋರಿಸುವಂಥದ್ದಲ್ಲ. ಅಂಥ ಅಂಕ ಹಿಡಿದು ಅಲ್ಲಿನ ಆಸ್ಪತ್ರೆಗಳಲ್ಲಿ ರೆಸಿಡೆನ್ಸಿ ತರಬೇತಿಗೆ ಅರ್ಜಿ ಹಾಕಿದೆ. ಕಣ್ಣಿಗೆ ಬಿದ್ದ ಆಸ್ಪತ್ರೆಗಳಿಗೆಲ್ಲ ಹಾಕಿದೆ. ಬಂದದ್ದು ಒಂದೇ ಇಂಟರ್‌ವ್ಯೂ ಕರೆ. ಅದೂ ತಪ್ಪಿದರೆ ಯಾವುದರಲ್ಲೂ ತಜ್ಞೆಯಾಗದ ಡ್ಯೂಟಿ ಡಾಕ್ಟರ್ ಆಗಿಯೇ ಉಳಿಯುವುದು.

ಇಂಟರ್‌ವ್ಯೂಗೆ ಮುಂಚೆ ನನ್ನ ಇಂಗ್ಲಿಷ್ ಸರಿಮಾಡಿಕೊಡಿ ಎಂದು ಅವರ ಬಳಿ ಹೋಗಿದ್ದೆ. ಅವರು ಕುರ್ಚಿ ಎಳೆದುಕೊಂಡು ಕೂತರು. ದೊಡ್ಡ ಡಾಕ್ಟರರ ಗತ್ತಿನಲ್ಲಿ ಕಾಲ ಮೇಲೆ ಕಾಲು ಹಾಕಿ, “ಯಾಕಮ್ಮಾ ಫೇಲಾದೆ?” ಅಂದರು.

ನಾನು ಶುರು ಮಾಡಿದೆ. ಪರೀಕ್ಷೆಗೆ ಮುಂಚೆ ಡೆಂಗ್ಯೂ ಬಂದಿತ್ತು, ಪ್ಲೇಟ್‌ಲೆಟ್ ಇಳಿದಿತ್ತು, ಮೈಕೈ ನೋವು, ಓದಲು ಆಗಲಿಲ್ಲ...

“ನಿಲ್ಸು, ನಿಲ್ಸು. ಅಯ್ಯೋ ಕಡವುಳೇ, ಏನಿದು ಪುರಾಣ! ಗಾಡಿ ಲೇಟು ಅಂದ್ರೆ ನಾವು ಹೀಗಾ ಕೂಗ್ತೀವಿ? ಗಾಡಿ ನಂಬರು, ಗಾಡಿ ಹೆಸ್ರು, ಎಷ್ಟು ಲೇಟು. ಒಂದ್ಸಲ ವಿಷಾದ. ಮುಗೀತು.”

“ಕಾರಣ ಹೇಳಲ್ವಾ ಆಂಟಿ?”

“ಪ್ಲಾಟ್‌ಫಾರಂ ಮೇಲೆ ನಿಂತವನಿಗೆ ಕಾರಣ ಯಾಕೆ ಕಣ್ಣು? ಅವನಿಗೆ ಟೈಮ್ ಬೇಕು. ಹೋಗಿ ಒಂದ್ ಟೀ ಕುಡ್ಕೊಂಡು ಬರ್ಬೋದಾ, ಇಲ್ಲ ಮನೆಗೇ ಹೋಗ್ಬೇಕಾ, ಅವ್ನು ತೀರ್ಮಾನ ಮಾಡ್ಬೇಕು. ಎಷ್ಟು ಲೇಟು, ಅಷ್ಟೇ ಹೇಳು.”

ಇಷ್ಟು ನೀಟಾಗಿ ಹೇಳಿದರೇ? ಇಲ್ಲ. ನಡುವೆ ಕುಕ್ಕರು ಕೂಗಿರಬೇಕು. ಯಾರೋ ಬಾಗಿಲು ತಟ್ಟಿರಬೇಕು. ಹಲವು ದಿನಗಳ ಮಾತುಗಳನ್ನು ನಾನು ಒಂದೇ ಮಧ್ಯಾಹ್ನಕ್ಕೆ ತಂದು ಸುರಿದಿರಬಹುದು. ಆದರೆ ಆ ತಿಂಗಳಿಡೀ ನಾನು ಅವರ ಮುಂದೆ ನಿಂತು ನನ್ನ ಸೋಲನ್ನು ಕೂಗಿದ್ದು ನಿಜ. ಮೊದಲ ಪ್ರಯತ್ನದಲ್ಲಿ ಅನುತ್ತೀರ್ಣಳಾದೆ, ಎರಡನೆಯದರಲ್ಲಿ ಉತ್ತೀರ್ಣಳಾದೆ, ಜವಾಬ್ದಾರಿ ನನ್ನದು. “ಉಸಿರು ಮಧ್ಯೆ ಕತ್ತರಿಸ್ಬೇಡ,” ಎನ್ನುತ್ತಿದ್ದರು. “ಮೈಕಿಗೆ ಅಳು ಕೇಳ್ಸುತ್ತೆ.”

ಒಂದು ಮಾತು ಅವರಿಗೂ ಹೇಳಿರಲಿಲ್ಲ. ಡೆಂಗ್ಯೂ ಬಂದಿದ್ದು ಹೌದು, ಆದರೆ ಪರೀಕ್ಷೆಗೆ ಬಹಳ ಮುಂಚೆ. ಪರೀಕ್ಷೆಯ ಹೊತ್ತಿಗೆ ಚೆನ್ನಾಗೇ ಇದ್ದೆ. ಓದಿರಲಿಲ್ಲ, ಅಷ್ಟೇ. ಆದರೆ ಆ ಕಾರಣವನ್ನು ಎಷ್ಟು ಸಲ ಹೇಳಿದ್ದೆನೆಂದರೆ, ಪರೀಕ್ಷಾ ಕೇಂದ್ರದ ಮೆಟ್ಟಿಲು ಹತ್ತುವಾಗ ಕೀಲು ನೋಯುತ್ತಿದ್ದದ್ದು ಈಗಲೂ ನೆನಪಿದೆ. ನೋಯುತ್ತಿರಲಿಲ್ಲ ಎಂದು ಗೊತ್ತಿದ್ದೂ ನೆನಪಿದೆ.

ಇಂಟರ್‌ವ್ಯೂ ಬಂದಾಗ ಅವರೆಕಾಯಿ ಕಾಲ. ನನ್ನ ಕೋಣೆಯ ಪಕ್ಕದಲ್ಲಿ ಹೊಸ ಕಟ್ಟಡಕ್ಕೆ ಡ್ರಿಲ್ ಹೊಡೆಯುತ್ತಿದ್ದರು, ಹಾಗಾಗಿ ಲ್ಯಾಪ್‌ಟಾಪನ್ನು ಅವರ ಮುಂದಿನ ಕೋಣೆಗೆ ತಂದೆ. ಸಂಜೆ ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ. ಕ್ಯಾಮೆರಾಕ್ಕೆ ಕಾಣದಂತೆ ಎದುರು ಮೂಲೆಯಲ್ಲಿ ಅವರು ಕೂತು, ಮೊರದಲ್ಲಿ ಅವರೆಕಾಳು ಹಿಸುಕುತ್ತಿದ್ದರು. ಪರದೆಯಲ್ಲಿ ಬೆಳ್ಳಿಕೂದಲಿನ ಡಾಕ್ಟರೊಬ್ಬರು ಸೌಜನ್ಯದಿಂದ ಮಾತಾಡಿದರು. ಅಲ್ಲಿ ಆಗಷ್ಟೇ ಬೆಳಗಾಗಿತ್ತು, ಅವರ ಕಿಟಕಿಯಾಚೆ ಹಿಮ. ಕೊನೆಗೆ ಅಂಕಗಳ ಬಗ್ಗೆ ಕೇಳಿದರು.

ನಾನು ಬಾಯಿ ತೆರೆದೆ. ಡೆಂಗ್ಯೂ ಬಂತು.

ಪ್ಲೇಟ್‌ಲೆಟ್ ಬಂತು, ಡ್ರಿಪ್ ಬಂತು, ಊರಿಂದ ಅಮ್ಮ ಬಂದದ್ದೂ ಬಂತು. ಮೂಲೆಯಲ್ಲಿ ಹಿಸುಕುವ ಬೆರಳುಗಳು ನಿಂತವು. ಪರದೆಯ ಡಾಕ್ಟರು ತಲೆಯಾಡಿಸುತ್ತಾ ಏನನ್ನೋ ಬರೆದುಕೊಂಡರು.

ಕರೆ ಮುಗಿದ ಮೇಲೆ ಆಂಟಿ ಬೈಯಲಿಲ್ಲ. “ಅಷ್ಟೊತ್ತಲ್ಲಿ ನಾನು ಇಡೀ ದಿನದ ಗಾಡಿ ಕೂಗಿ ಮುಗಿಸ್ತಿದ್ದೆ ಕಣ್ಣು,” ಅಂದು ಮತ್ತೆ ಮೊರ ಎಳೆದುಕೊಂಡರು.

ಮಾರ್ಚಿನಲ್ಲಿ ಇಮೇಲ್ ಬಂತು. ವಿಷಾದಿಸುತ್ತೇವೆ, ನಿಮಗೆ ಯಾವ ಸ್ಥಾನವೂ ದೊರೆತಿಲ್ಲ. ಫೋನನ್ನು ಅವರ ಕೈಗಿಟ್ಟೆ. ಕನ್ನಡಕ ಹಾಕಿಕೊಂಡು ಓದಿದರು. “ಚೆನ್ನಾಗಿ ಬರ್ದಿದಾರೆ. ಒಂದೇ ಉಸಿರು.” ಆಗ ಇಬ್ಬರೂ ನಕ್ಕೆವು ಎಂದು ನೆನಪು ಹೇಳುತ್ತದೆ. ನಾನು ನಕ್ಕಿದ್ದೆ ಎಂದು ನಂಬಲು ಕಷ್ಟ.

ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ಅವರೇ ಮಹಡಿ ಹತ್ತಿ ಬಂದರು. ಎಂದೂ ಬರುತ್ತಿರಲಿಲ್ಲ, ಮಂಡಿನೋವು. ಕೈಯಲ್ಲಿ ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರು, ಅದರೊಳಗೆ ಸ್ಕ್ಯಾನ್ ರಿಪೋರ್ಟು. ಹೊಟ್ಟೆನೋವೆಂದು ತಾವೇ ಹೋಗಿ ಮಾಡಿಸಿಕೊಂಡು ಬಂದಿದ್ದರು. ಕುಪ್ಪಸ ಸಡಿಲವಾಗಿತ್ತು. ವಾರಗಳಿಂದ ಸಡಿಲವಾಗಿಯೇ ಇತ್ತು, ನಾನು ಬೇಸಿಗೆ ಎಂದುಕೊಂಡಿದ್ದೆ. “ಓದು ಕಣ್ಣು. ಏನ್ ಬರ್ದಿದಾರೆ?”

ಮೇದೋಜೀರಕದಲ್ಲಿ ಗಡ್ಡೆ. ಲಿವರಿಗೆ ಹರಡಿತ್ತು. ಮೊದಲ ಸಾಲಿನಲ್ಲೇ ತಿಳಿದುಹೋಯಿತು. ತಿಂಗಳುಗಳ ಮಾತು, ಬಹುಶಃ ಎರಡು.

ನಾನು ಹೇಳಿದ್ದು ಬೇರೆ. ಸ್ಕ್ಯಾನ್ ಮಾಡೋರು ಹೀಗೇ ಹೆದರಿಸಿ ಬರೀತಾರೆ ಆಂಟಿ, ಮಷೀನು ಹಳೇದಿರಬಹುದು, ಇದಕ್ಕೆ ಹತ್ತು ಕಾರಣ ಇರುತ್ತೆ, ಇನ್ನೊಂದು ಟೆಸ್ಟ್ ಮಾಡಿಸಿ ನೋಡೋಣ... ಮಾತು ನಿಲ್ಲಲಿಲ್ಲ. ಅವರು ದವಡೆಯಲ್ಲಿಟ್ಟ ತುಂಡನ್ನು ಆ ಕಡೆಯಿಂದ ಈ ಕಡೆಗೆ ಸರಿಸುತ್ತಾ ಪೂರ್ತಿ ಕೇಳಿದರು.

“ಎಷ್ಟು ಲೇಟು ಅಂತ ಹೇಳ್ಲೇ ಇಲ್ವಲ್ಲ ನೀನು.”

“ಅದನ್ನ ಡಾಕ್ಟ್ರನ್ನೇ ಕೇಳ್ಬೇಕು ಆಂಟಿ.”

“ನಾನೀಗ ಯಾರನ್ನ ಕೇಳ್ತಿರೋದು?”

ನಾನು ರಿಪೋರ್ಟನ್ನು ಮಡಚಿ ಕವರಿನೊಳಗೆ ಹಾಕಿಕೊಟ್ಟೆ. ಅವರು ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದರು. ಆ ಹೆಜ್ಜೆಗಳನ್ನು ಎಣಿಸಿದೆನೋ, ಇಲ್ಲ ಆಮೇಲೆ ಎಣಿಸಿ ಸೇರಿಸಿಕೊಂಡೆನೋ... ಹದಿನೈದು ದಿನ ಅವರ ಬಾಗಿಲು ತೆರೆಯುವ ಮುಂಚೆಯೇ ಡ್ಯೂಟಿಗೆ ಹೊರಟುಬಿಡುತ್ತಿದ್ದೆ. ಮಕ್ಕಳಿಗೆ ರಜಾ ಎಂದು ಆಂಟಿಯ ಅಣ್ಣನ ಮಗಳು ಅವರನ್ನು ಕೆಜಿಎಫ್‌ಗೆ ಕರೆದುಕೊಂಡು ಹೋದಾಗ ನನಗಾದದ್ದು ಸಮಾಧಾನ. ಎರಡು ಸಲ ಫೋನ್ ಮಾಡಿದೆ. ಅವರು ಏನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಜೂನ್ ಕೊನೆಗೆ ಕಣ್ಣು ಹಳದಿಯಾಯಿತಂತೆ. ಜುಲೈಯಲ್ಲಿ ತೀರಿಕೊಂಡರು. ನಾನು ಹೋಗಲಿಲ್ಲ. ಹೋಗದಿರಲು ಕಾರಣಗಳಿದ್ದವು.

ಅವರಿಗೆ ಹೇಗೂ ಗೊತ್ತಿತ್ತು ಎಂದು ಅಂದುಕೊಂಡೆ. ಜಾಣೆ ಹೆಂಗಸು, ನನ್ನ ಮುಖ ನೋಡಿಯೇ ತಿಳಿದುಕೊಂಡಿರುತ್ತಾರೆ. ಹಾಗೆ ನೆನಪಿಟ್ಟುಕೊಳ್ಳುವುದು ನನಗೆ ಅನುಕೂಲವಾಗಿತ್ತು.

ಈಗ ಮತ್ತೆ ಅರ್ಜಿಯ ಕಾಲ. ಅಂಕಗಳು ಅವೇ. ಅರ್ಜಿಯ ಜೊತೆ ಒಂದು ಪುಟ ನಮ್ಮ ಬಗ್ಗೆ ಬರೆದುಕೊಡಬೇಕು, ಅಂಕ ಕಡಿಮೆಯಿದ್ದವರನ್ನು ಆ ಪುಟವೇ ಕಾಪಾಡಬೇಕು. ನಿನ್ನನ್ನು ಬದಲಾಯಿಸಿದ ಒಬ್ಬ ರೋಗಿಯ ಬಗ್ಗೆ ಬರಿ ಎಂದು ಸೀನಿಯರ್ ಒಬ್ಬಳು ಹೇಳಿದಳು. ಅನೌನ್ಸರಮ್ಮನ ಬಗ್ಗೆ ಬರೆದೆ. ಇಂಗ್ಲಿಷಿನಲ್ಲಿ ಬಹಳ ಚೆನ್ನಾಗಿ ಬಂತು. ಅದರಲ್ಲಿ ನಾನು ಅವರ ಕೈ ಹಿಡಿದು, ಮೃದುವಾಗಿ, ಎಲ್ಲವನ್ನೂ ಹೇಳುತ್ತೇನೆ. ಕಿಟಕಿಯಾಚೆ ಕೆರೆಯೂ ಇದೆ. ನಾಲ್ಕೈದು ಸಲ ಓದಿದ ಮೇಲೆ ಅವರ ಅಂಗೈಯ ಬಿಸಿ ನನ್ನ ಕೈಗೆ ತಾಗತೊಡಗಿತು.

ಕಳೆದ ಭಾನುವಾರ ಅಣ್ಣನ ಮಗಳು ಕೆಳಮನೆ ಖಾಲಿ ಮಾಡಲು ಬಂದಳು. ಸಹಾಯಕ್ಕೆಂದು ಇಳಿದುಹೋದೆ. ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತುತ್ತಿದ್ದವಳು ತಲೆಯೆತ್ತದೆ ಕೇಳಿದಳು.

“ಡಾಕ್ಟ್ರಕ್ಕ, ಅತ್ತೆ ನಿಮ್ಗೆ ರಿಪೋರ್ಟ್ ತೋರಿಸಿದ್ರಂತೆ. ಇನ್ನೊಂದು ಟೆಸ್ಟ್ ಮಾಡಿಸ್ಬೇಕಂತೆ, ಮಳೆ ಹಿಡೀಲಿ, ಆಮೇಲೆ ಹೋದ್ರಾಯ್ತು ಅಂತಿದ್ರು. ನಿಮ್ಗೆ ಆಗ್ಲೇ ಗೊತ್ತಾಗಿತ್ತಾ?”

ಇಂಗ್ಲಿಷ್ ಪುಟ ನಾಲಿಗೆಯ ತುದಿಯಲ್ಲೇ ಇತ್ತು.

“ಗೊತ್ತಾಗಿತ್ತು. ಹೇಳ್ಲಿಲ್ಲ.”

ಅವಳು ಕಾದಳು. ನಾನು ಒಂದು ಪೇಪರು ಎಳೆದು ಪಾತ್ರೆಗೆ ಸುತ್ತತೊಡಗಿದೆ.

“ಆಗಸ್ಟಿಗೆ ಟಿಕೆಟ್ ಮಾಡ್ಸಿದ್ರು ಅತ್ತೆ, ಕನ್ಯಾಕುಮಾರಿಗೆ,” ಅಂದಳು. “ಸರ್ವೀಸ್ ಪೂರ್ತಿ ದಿನಾ ಕೂಗಿದ ಗಾಡಿ, ಒಂದ್ಸಲನಾದ್ರೂ ಹತ್ತಿ ಕೂರ್ಬೇಕು ಅಂತ. ಜೂನಲ್ಲಿ ಚೆನ್ನಾಗೇ ಓಡಾಡ್ಕೊಂಡಿದ್ರಕ್ಕ. ಗೊತ್ತಿದ್ದಿದ್ರೆ ಆಗ್ಲೇ ಕರ್ಕೊಂಡು ಹೋಗ್ಬಿಡ್ತಿದ್ದೆ.” ಬೈಯುವ ದನಿಯಲ್ಲಿ ಹೇಳಲಿಲ್ಲ. ಇನ್ನೊಂದು ತಪ್ಪಲೆ ಕೈಗೆತ್ತಿಕೊಂಡಳು.

ಅಂದು ಸಂಜೆ ಆ ಪುಟ ಅಳಿಸಿದೆ. ಬೇರೆ ಬರೆದೆ, ಚಿಕ್ಕದು. ಅದರಲ್ಲಿ ಅವರಿಲ್ಲ, ಡೆಂಗ್ಯೂ ಇಲ್ಲ. ಅರ್ಜಿ ಹೋಗಿದೆ. ಯಾರಾದರೂ ಕರೆಯುತ್ತಾರೋ ಇಲ್ಲವೋ. ಕರೆದರೆ ಅಲ್ಲಿ ಯಾರೋ ನನ್ನ ಕೈಗೊಂದು ರಿಪೋರ್ಟು ಕೊಟ್ಟು ಮುಖ ನೋಡುತ್ತಾರೆ. ಕರೆಯದಿದ್ದರೆ ಕೆ.ಆರ್. ಪುರದಲ್ಲಿ ಕೊಡುತ್ತಾರೆ.

ಕೆಳಮನೆಗೆ ಬೀಗ ಬಿದ್ದಿದೆ. ಇಡೀ ಒಂದು ಜೂನ್ ತಿಂಗಳು ಅವರದಾಗಿತ್ತು. ಅದನ್ನು ನಾನು ಅವರಿಗೆ ಕೊಡಲಿಲ್ಲ.